ಓಡದ ಇಂಜಿನ್ ಮತ್ತು ನನ್ನ 12ನೆಯ ಪಾಠ

ನನ್ನ ಪಾಠ ವೀಕ್ಷಣಾ ಪುಸ್ತಕದಲ್ಲಿ 11ನೆಯ ಪಾಠದ ಎದುರು ನಮ್ಮ ವಿಧಾನ ಬೋಧಕರು ಎರಡೇ ವಾಕ್ಯ ಬರೆದಿದ್ದರು: ‘ಚಿತ್ರಪಟ ಚೆನ್ನಾಗಿದೆ. ಮಕ್ಕಳು ಚಿತ್ರಪಟವನ್ನು ಕಲಿತರು.’ ಓದಿದ ಕೂಡಲೇ ಅದು ಹೊಗಳಿಕೆ ಎಂದುಕೊಂಡೆ. ಖಾನಾಪುರದಿಂದ ಬೆಳಗಾವಿಗೆ ಮರಳುವ ಬಸ್ಸು ಪೀರನವಾಡಿ ಹತ್ತಿರ ಬರುವ ಹೊತ್ತಿಗೆ ಅದು ಹೊಗಳಿಕೆಯಲ್ಲ ಎಂದು ಗೊತ್ತಾಯಿತು.

ಅಂದಿನ ವಿಷಯ 10ನೆಯ ತರಗತಿಯ ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು. ಫ್ಲೆಮಿಂಗನ ಎಡಗೈ ನಿಯಮವನ್ನು ಬೆರಳು ಮಡಚಿ ತೋರಿಸಿದೆ. ಅದರ ಅನ್ವಯವಾಗಿ ವಿದ್ಯುತ್ ಮೋಟಾರಿನ ದೊಡ್ಡ ಚಿತ್ರ ತೂಗುಹಾಕಿ ಕುಂಚಗಳು, ದಿಕ್ಪರಿವರ್ತಕ, ಸುರುಳಿ ಎಂದು ಕಡ್ಡಿಯಿಂದ ತೋರಿಸುತ್ತಾ ಹೋದೆ. ಮಕ್ಕಳು ಕೋರಸ್ಸಿನಲ್ಲಿ ಹೇಳಿದರು. ಪಾಠ ಮುಗಿಯುವ ಮುನ್ನ ಎರಡನೆಯ ಬೆಂಚಿನ ಒಬ್ಬ ಹುಡುಗಿ ಕೇಳಿದಳು: “ಟೀಚರ್, ಈ ಕುಂಚ ಅಂದ್ರ ಬಣ್ಣ ಹಚ್ಚೂ ಕುಂಚದಂಗ ಕೂದಲಾ ಇರ್ತಾವೇನ್ರಿ? ನೀವು ಬಿಚ್ಚಿ ನೋಡೀರೇನ್ರಿ?”

ನಾನು ಬಿಚ್ಚಿ ನೋಡಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ, ಪಿಯುಸಿಯಲ್ಲಿ, ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ್ದೇನೆ. ಮೋಟಾರಿನ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಅಂಕ ಪಡೆದಿದ್ದೇನೆ. ಆದರೆ ಒಂದು ಮೋಟಾರನ್ನೂ ತೆರೆದಿರಲಿಲ್ಲ. “ಮುಂದಿನ ತರಗತಿಯಲ್ಲಿ ನೋಡೋಣ” ಎಂದೆ. ಉತ್ತರ ಗೊತ್ತಿಲ್ಲದಾಗ ಶಿಕ್ಷಕರು ಹೇಳುವ ಮಾತು ಅದು. ನಾನೂ ಆಗಲೇ ಅದನ್ನು ಕಲಿತುಬಿಟ್ಟಿದ್ದೆ.

ಆ ಭಾನುವಾರ ಬೆಳಗಾವಿಯ ಕ್ಯಾಂಪ್ ಕಡೆಯ ಒಂದು ಭಂಗಾರ ಅಂಗಡಿಗೆ ಹೋದೆ. ಹಳೆಯ ಟೇಪ್‌ರೆಕಾರ್ಡರಿನ ಮೋಟಾರು ಹತ್ತಿಪ್ಪತ್ತು ರೂಪಾಯಿಗೆ ಸಿಕ್ಕೀತೆಂಬ ಆಸೆ. ಮುರಿದ ಫ್ಯಾನು, ಸ್ಟೋವುಗಳ ನಡುವೆ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಇತ್ತು. ಅದರೊಳಗೆ ಅಂಗೈಯಷ್ಟು ದೊಡ್ಡ ಕರಿಯ ಉಗಿಬಂಡಿ ಇಂಜಿನ್, ಜೊತೆಗೆ ಗೇಣಿಗಿಂತ ಗಿಡ್ಡದಾದ, ತುಕ್ಕು ಹಿಡಿದ ಐದು ಹಳಿ ತುಂಡುಗಳು. ಒಂದೊಂದು ಬದಿಗೆ ಮೂರು ಗಾಲಿ. ಹೊಟ್ಟೆಯಡಿ ‘ಟ್ರೈ-ಆ್ಯಂಗ್, ಮೇಡ್ ಇನ್ ಇಂಗ್ಲೆಂಡ್’ ಎಂಬ ಅಚ್ಚು. ಅಂಗಡಿಯವರು ಐನೂರು ಎಂದರು, ಮುನ್ನೂರೈವತ್ತಕ್ಕೆ ಕೊಟ್ಟರು. ವಾರದ ಬಸ್ ಖರ್ಚಿನ ದುಡ್ಡು ಅದರಲ್ಲಿ ಹೋಯಿತು. “ಭಂಗಾರದಾಗ ಬಂಗಾರ ಸಿಕ್ತು ನೋಡ್ರಿ” ಎಂದು ಅವರು ನಕ್ಕರು.

ಆ ಹೆಸರಿನ ಹಿನ್ನೆಲೆ ಆಮೇಲೆ ಓದಿಕೊಂಡೆ. ಆಟಿಕೆಗಳ ಆ ಕಂಪನಿಯನ್ನು ನಡೆಸಿದವರು ಲೈನ್ಸ್ ಎಂಬ ಮನೆತನದ ಮೂವರು ಅಣ್ಣತಮ್ಮಂದಿರು. ಮೂರು ‘ಲೈನು’ ಸೇರಿದರೆ ತ್ರಿಕೋನ, ಅಂದರೆ ಟ್ರೈಆ್ಯಂಗಲ್. 1950ರ ದಶಕದಿಂದ ಇಂಗ್ಲೆಂಡಿನ ಮಾರ್ಗೇಟ್‌ನಲ್ಲಿ ಈ ಬಗೆಯ ಇಂಜಿನ್‌ಗಳನ್ನು ತಯಾರಿಸುತ್ತಿದ್ದರು. ಅಳತೆ ನಿಜವಾದ ಇಂಜಿನ್ನಿನ 76ನೇ ಒಂದು ಭಾಗ. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಓಡುವುದು 12 ವೋಲ್ಟ್ ನೇರ ಪ್ರವಾಹದಲ್ಲಿ. ಪುಣೆಯ ಕೋಥರೂಡಿನಲ್ಲಿ ಭಾವೂ ಜೋಶಿಯವರು ಕಟ್ಟಿ, 1998ರಲ್ಲಿ ಜನರಿಗೆ ತೆರೆದ ಪುಟಾಣಿ ರೈಲುಗಳ ಮ್ಯೂಸಿಯಂ ಇದೆ. ಇಂಥವು ನಮ್ಮ ಸೀಮೆಯ ಕಣ್ಣಿಗೆ ಬೀಳುವುದು ಅಲ್ಲಿ, ಅದೂ ದೂರದಿಂದ. ಈಗ ಒಂದು ನನ್ನ ಕೈಯಲ್ಲೇ ಇತ್ತು. ಆದರೆ ಅದು ಓಡುತ್ತಿರಲಿಲ್ಲ.

ಉದ್ಯಮಬಾಗದಲ್ಲಿ ನಮ್ಮ ಪರಿಚಯದ ಕಾಕಾ ಒಬ್ಬರು ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಸುತ್ತಲಿನ ಹಳ್ಳಿಗಳ ಪಂಪ್‌ಸೆಟ್ಟುಗಳೂ ಕಾರ್ಖಾನೆಗಳ ಮೋಟಾರುಗಳೂ ಸುಟ್ಟಾಗ ಅವರ ಕಡೆಗೇ ಬರುತ್ತವೆ. ಅಂಗೈ ಮೇಲಿನ ಇಂಜಿನ್ ನೋಡಿ ಅವರು ಕನ್ನಡಕ ಏರಿಸಿಕೊಂಡರು. “ಏನವಾ ತಂಗಿ, ಐದು ಎಚ್‌ಪಿ ಮೋಟಾರ್ ಬಿಟ್ಟು ನಾ ಇದನ್ನ ಹಿಡೀಬೇಕೇನು?” ಎಂದರೂ ಸ್ಕ್ರೂಡ್ರೈವರ್ ನನ್ನ ಕೈಗೇ ಕೊಟ್ಟು “ಬಿಚ್ಚು, ನೋಡೂಣು” ಎಂದರು.

ಮೇಲಿನ ಪ್ಲಾಸ್ಟಿಕ್ ಹೊದಿಕೆ ಒಂದೇ ಸ್ಕ್ರೂ ಬಿಚ್ಚಿದರೆ ಬಂತು. ನಾನು ಚಿತ್ರದಲ್ಲಿ ಎಷ್ಟೋ ಸಲ ಬರೆದದ್ದೆಲ್ಲ ಒಳಗಿತ್ತು, ಆದರೆ ಯಾವುದೂ ಚಿತ್ರದ ಹಾಗಿರಲಿಲ್ಲ. ಪಠ್ಯದ ಚಿತ್ರದಲ್ಲಿ ಒಂದು ಆಯತಾಕಾರದ ಸುರುಳಿ, ಎರಡು ಅರ್ಧ ಉಂಗುರ. ಇಲ್ಲಿ ಕಬ್ಬಿಣದ ಮೂರು ತೋಳುಗಳ ಮೇಲೆ ಮೂರು ಸುರುಳಿ, ದಿಕ್ಪರಿವರ್ತಕದಲ್ಲಿ ತಾಮ್ರದ ಮೂರು ತುಂಡು. ಎರಡೇ ತುಂಡಿದ್ದರೆ ಸುರುಳಿ ಕೆಲವು ಸ್ಥಾನಗಳಲ್ಲಿ ನಿಂತಾಗ ಬಲ ಸಿಗದೆ ಅಲ್ಲೇ ಸಿಕ್ಕಿಕೊಳ್ಳಬಹುದು. ಮೂರಿದ್ದರೆ ಎಲ್ಲಿ ನಿಂತರೂ ತಾನಾಗಿಯೇ ಹೊರಡುತ್ತದೆ. ಕುಂಚ ಎಂದರೆ ಕೂದಲೂ ಅಲ್ಲ, ನಾರೂ ಅಲ್ಲ, ಹೆಸರುಕಾಳಿನಷ್ಟು ಕಾರ್ಬನ್ ತುಂಡು. ಆ ಹುಡುಗಿಯ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತು.

ವಿದ್ಯುತ್ತಿನ ದಾರಿಯನ್ನು ಕಾಕಾ ಬೆರಳಿಟ್ಟು ತೋರಿಸಿದರು. ಒಂದು ಬದಿಯ ಗಾಲಿಗಳು ಇಂಜಿನ್ನಿನ ಲೋಹದ ಚೌಕಟ್ಟಿಗೆ ನೇರವಾಗಿ ತಾಗಿವೆ. ಇನ್ನೊಂದು ಬದಿಯವಕ್ಕೆ ಚೌಕಟ್ಟಿನ ಸಂಪರ್ಕವಿಲ್ಲ. ತೆಳ್ಳಗಿನ ಒಂದು ಪಟ್ಟಿ ಆ ಗಾಲಿಗಳನ್ನು ಸವರುತ್ತಾ, ವಾಯರಿನ ಮೂಲಕ ಒಂದು ಕಾರ್ಬನ್‌ಗೆ ವಿದ್ಯುತ್ ಮುಟ್ಟಿಸುತ್ತದೆ. ಎರಡೂ ಕಾರ್ಬನ್‌ಗಳನ್ನು ಒತ್ತಿ ಹಿಡಿಯುವುದು ಹೇರ್‌ಪಿನ್ನಿನಂಥ ಒಂದೇ ಸ್ಪ್ರಿಂಗ್. ಅದರ ಒಂದು ಕಾಲು ಬರಿಯದು, ಆ ಕಡೆಯ ಕಾರ್ಬನ್‌ಗೆ ಚೌಕಟ್ಟಿನಿಂದ ಪ್ರವಾಹ ಬರುತ್ತದೆ. ಇನ್ನೊಂದು ಕಾಲಿಗೆ ನಿರೋಧಕ ತೋಳು, ಅಂದರೆ ಕಾಕಾರ ಬಾಯಲ್ಲಿ ‘ಸ್ಲೀವು’. ಎರಡೂ ಹಳಿಗಳ ವಿದ್ಯುತ್ ನೇರವಾಗಿ ಕೂಡಿಬಿಡದಂತೆ ತಡೆಯುವುದು ಜೋಳದ ಕಾಳಿನುದ್ದದ ಆ ಕೊಳವೆ.

ಮಲ್ಟಿಮೀಟರಿನಿಂದ ದಿಕ್ಪರಿವರ್ತಕದ ಒಂದೊಂದೇ ಜೋಡಿ ತುಂಡುಗಳ ನಡುವಿನ ರೋಧ ಅಳೆದೆವು. ಮೂರು ಕಡೆಯೂ ಸುಮಾರು ಹತ್ತು ಓಮ್. “ವೈಂಡಿಂಗ್ ಜೀವಂತ ಐತಿ. ಬರೇ ಹೊಲಸು ಕೂತೈತಿ” ಎಂದರು ಕಾಕಾ. ಕಾರ್ಬನ್ ಪುಡಿ ದಿಕ್ಪರಿವರ್ತಕದ ಸೀಳುಗಳಲ್ಲಿ ತುಂಬಿ, ಹಳೆಯ ಎಣ್ಣೆಯೊಂದಿಗೆ ಅಂಟಾಗಿ ಗಟ್ಟಿಯಾಗಿತ್ತು. ಹೊಲಿಯುವ ಸೂಜಿಯಿಂದ ಸೀಳುಗಳನ್ನು ಗೀರಿ ತೆಗೆಯಬೇಕಿತ್ತು. ಉಳಿದ ಕೆಲಸ ಮನೆಯಲ್ಲಿ ಮಾಡುತ್ತೇನೆಂದು ಒಯ್ದೆ.

ಅಲ್ಲಿ ನಾನು ಮೊದಲ ತಪ್ಪು ಮಾಡಿದೆ. ಸೀಳು ಚೆನ್ನಾಗಿ ಕಾಣಲೆಂದು ಆರ್ಮೇಚರನ್ನೇ ಹೊರತೆಗೆದು, ಅಯಸ್ಕಾಂತವನ್ನು ನಾಲ್ಕು ದಿನ ಹಾಗೇ ಮೇಜಿನ ಮೇಲೆ ಬಿಟ್ಟೆ. ಮತ್ತೆ ಜೋಡಿಸಿ ಕಾಕಾರ ಅಂಗಡಿಯಲ್ಲಿ 12 ವೋಲ್ಟ್ ಕೊಟ್ಟಾಗ ಇಂಜಿನ್ ಓಡಿತು. ಆದರೆ ಬೆರಳಿಂದ ಸ್ವಲ್ಪ ತಡೆದರೂ ನಿಲ್ಲುತ್ತಿತ್ತು, ಬೇಗ ಬಿಸಿಯಾಗುತ್ತಿತ್ತು. ನಾನು ಮಾಡಿದ್ದನ್ನು ಕೇಳಿ ಕಾಕಾ ತಲೆಗೆ ಕೈ ಹಚ್ಚಿದರು. ಈ ಹಳೆಯ ಬಗೆಯ ಅಯಸ್ಕಾಂತದ ಎರಡು ಧ್ರುವಗಳ ನಡುವೆ ಯಾವಾಗಲೂ ಕಬ್ಬಿಣ ಇರಬೇಕು. ಆರ್ಮೇಚರ್ ತೆಗೆದರೆ ಅದರ ಜಾಗದಲ್ಲಿ ಬೇರೆ ಕಬ್ಬಿಣದ ತುಂಡು ಇಡಬೇಕು. ಇಲ್ಲದಿದ್ದರೆ ಅದರ ಬಲ ಕುಗ್ಗುತ್ತದೆ. ಪ್ರಯೋಗಾಲಯದಲ್ಲಿ ದಂಡಕಾಂತಗಳ ತುದಿಗೆ ಮೆದುಕಬ್ಬಿಣದ ಪಟ್ಟಿ ಇಟ್ಟೇ ಪೆಟ್ಟಿಗೆ ಮುಚ್ಚುತ್ತೇವೆ. ಅದಕ್ಕೆ ‘ಕಾಂತ ರಕ್ಷಕ’ ಎಂದು ಹೆಸರು, ಒಂದು ಅಂಕದ ಪ್ರಶ್ನೆ. ಉತ್ತರ ಬರೆದಿದ್ದೆ, ಆದರೆ ಕೈಗೆ ಅದು ಗೊತ್ತಿರಲಿಲ್ಲ. ಆ ಇಂಜಿನ್ ಇಂದಿಗೂ ತನ್ನ ಮೈಯನ್ನಷ್ಟೇ ಎಳೆಯುತ್ತದೆ, ಹಿಂದೆ ಡಬ್ಬಿ ಕಟ್ಟಿದರೆ ಎಳೆಯಲಾರದು.

ಶಾಲೆಯಲ್ಲಿ ಕರೆಂಟು ಹೋಗುವುದುಂಟೆಂದು ಕಾಕಾ ಯುಪಿಎಸ್ಸಿನ ಒಂದು 12 ವೋಲ್ಟ್ ಬ್ಯಾಟರಿ ಕೊಟ್ಟರು. ಜೊತೆಗೆ ಕಾರಿನ ಇಂಡಿಕೇಟರಿನ 21 ವ್ಯಾಟ್ ಬಲ್ಬೊಂದನ್ನು ಕೊಟ್ಟು ಹೇಳಿದರು: “ಬ್ಯಾಟರಿಗೆ ಸೀದಾ ಹಚ್ಚಬ್ಯಾಡ. ನಡುವ ಇದನ್ನ ಸೀರೀಸ್ ಹಾಕು. ಎಲ್ಲೆರ ಶಾರ್ಟ್ ಇದ್ರ ಬಲ್ಬು ಪೂರಾ ಉರೀತೈತಿ, ವಾಯರ್ ಸುಡೂದಿಲ್ಲ. ಮೋಟಾರ್ ತಿರಗಿದ್ರ ಬಲ್ಬು ಮಬ್ಬ ಆಗ್ತೈತಿ. ಬಲ್ಬನ್ನ ಕೇಳು, ಅದು ಹೇಳ್ತೈತಿ.” ತಿರುಗುವ ಮೋಟಾರು ತನ್ನಲ್ಲೇ ಎದುರು ವೋಲ್ಟೇಜ್ ಹುಟ್ಟಿಸಿ ಪ್ರವಾಹವನ್ನು ತಗ್ಗಿಸುತ್ತದೆ, ನಿಂತ ಮೋಟಾರು ಹೆಚ್ಚು ಪ್ರವಾಹ ಎಳೆಯುತ್ತದೆ. ಬಿ.ಎಸ್ಸಿ.ಯಲ್ಲಿ ಅರ್ಧ ಪುಟ ಬರೆದ ಉತ್ತರವನ್ನು ಅವರು ಒಂದು ಬಲ್ಬಿನಲ್ಲಿ ತೋರಿಸಿದ್ದರು.

ಪಾಠದ ಹಿಂದಿನ ರಾತ್ರಿ ಎರಡನೆಯ ತಪ್ಪು. ಎಲ್ಲವೂ ಫಳಫಳ ಹೊಳೆಯಲೆಂದು ಸ್ಪ್ರಿಂಗನ್ನೂ ತೆಗೆದು ಒರೆಸಿ ಮತ್ತೆ ಹಾಕಿದೆ. ಆ ಸ್ಲೀವು ಎಲ್ಲೋ ಕಳಚಿಬಿದ್ದದ್ದು ನನ್ನ ಗಮನಕ್ಕೆ ಬರಲಿಲ್ಲ.

12ನೆಯ ಪಾಠ. ಎರಡು ಬೆಂಚು ಜೋಡಿಸಿ ಹಳಿ ಹಾಸಿದೆ. ನಲವತ್ತು ಮಕ್ಕಳು ಸುತ್ತ ನಿಂತರು. ಹಿಂದೆ ಕುರ್ಚಿಯಲ್ಲಿ ವಿಧಾನ ಬೋಧಕರು. ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಹೋಯಿತು. ಖಾನಾಪುರದ ಮಕ್ಕಳಿಗೆ ರೈಲು ಹೊಸದಲ್ಲ. ನಿಲ್ಲದೆ ಹೋಗುವ ವಂದೇ ಭಾರತ್ ನೋಡಿದ್ದಾರೆ, ಲೋಂಡಾ ಜಂಕ್ಷನ್ ಅವರದೇ ತಾಲ್ಲೂಕಿನಲ್ಲಿದೆ. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್, 1990ರ ದಶಕದವರೆಗೆ ಈ ದಾರಿಯಲ್ಲಿದ್ದ ಮೀಟರ್‌ಗೇಜ್ 1,000 ಮಿಲಿಮೀಟರ್ ಎಂದು ಹೇಳಿ, 76ರಿಂದ ಭಾಗಿಸಿ ಎಂದೆ. ಒಂದಕ್ಕೆ 22, ಇನ್ನೊಂದಕ್ಕೆ 13 ಬಂತು. “ಹಂಗಾದ್ರ ಈ ಹಳಿ ಎರಡೂ ಅಲ್ಲಲ್ರಿ” ಎಂದರು. ಹೌದು, ಅದು ಎರಡೂ ಅಲ್ಲ. ಇಂಗ್ಲೆಂಡಿನ 1,435 ಮಿಲಿಮೀಟರಿಗೂ ಸರಿಹೊಂದುವುದಿಲ್ಲ. ಅಲ್ಲಿಯ ಇಂಜಿನ್‌ಗಳು ಗಾತ್ರದಲ್ಲಿ ಚಿಕ್ಕವು. ಒಳಗೆ ಮೋಟಾರು ಹಿಡಿಸಲೆಂದು ಮೈಯನ್ನು ಸ್ವಲ್ಪ ದೊಡ್ಡದು ಮಾಡಿ, ಹಳಿಯನ್ನು ಮಾತ್ರ ಇನ್ನೊಂದು ಅಳತೆಯದೇ ಇಟ್ಟುಕೊಂಡಿದ್ದರು. ಮಕ್ಕಳಿಗೆ ಈ ‘ಮೋಸ’ ಬಹಳ ಹಿಡಿಸಿತು.

ಆಮೇಲೆ ವಾಯರು ಜೋಡಿಸಿದೆ. ಇಂಜಿನ್ ಕದಲಲಿಲ್ಲ. ಬಲ್ಬು ಝಗ್ಗನೆ ಉರಿಯಿತು.

ಮಕ್ಕಳು ಚಪ್ಪಾಳೆ ತಟ್ಟಿದರು. ಬಲ್ಬು ಹತ್ತುವುದೇ ಪ್ರಯೋಗ ಎಂದು ಅವರು ತಿಳಿದಿದ್ದರು! ಹಾಗೇ ಬಿಟ್ಟರೂ ನಡೆಯುತ್ತಿತ್ತೇನೋ. ಚಿತ್ರಪಟ ಗೋಡೆಗೆ ಒರಗಿಸಿಯೇ ಇತ್ತು. ಕೈ ಒಮ್ಮೆ ಅದರ ಕಡೆಗೆ ಹೋದದ್ದೂ ನಿಜ. ಹಿಂದಿನ ಕುರ್ಚಿಯ ಕಡೆ ನೋಡಿದೆ, ವಿಧಾನ ಬೋಧಕರು ಏನೂ ಬರೆಯುತ್ತಿರಲಿಲ್ಲ, ಸುಮ್ಮನೆ ಕಾಯುತ್ತಿದ್ದರು. ಗಂಟಲು ಒಣಗಿತು. “ಇದು ಓಡಬೇಕಿತ್ತು, ಓಡಲಿಲ್ಲ. ಯಾಕೆ ಎಂದು ನನಗೂ ಗೊತ್ತಿಲ್ಲ. ಎಲ್ಲರೂ ಸೇರಿ ಹುಡುಕೋಣ” ಎಂದೆ. ಪಾಠಯೋಜನೆಯ ಯಾವ ಕಾಲಮಿನಲ್ಲೂ ಬರೆಯದ ವಾಕ್ಯವದು.

ಬಲ್ಬು ಏನು ಹೇಳುತ್ತದೆ ಎಂದು ವಿವರಿಸಿದೆ. ಪೂರ್ತಿ ಉರಿದರೆ ಎಲ್ಲೋ ಶಾರ್ಟ್. “ಎಲ್ಲಿ? ಬ್ಯಾಟರಿಯಲ್ಲೋ, ಹಳಿಯಲ್ಲೋ, ಇಂಜಿನ್ನಿನಲ್ಲೋ?” ಬಣ್ಣದ ಕುಂಚದ ಬಗ್ಗೆ ಕೇಳಿದ್ದ ಹುಡುಗಿ “ಇಂಜಿನ್ ಎತ್ತಿ ನೋಡೂಣ್ರಿ” ಎಂದಳು. ಎತ್ತಿದೆ. ಬಲ್ಬು ಆರಿತು. ಇಟ್ಟೆ, ಉರಿಯಿತು. ಹಳಿಗೆ ಏನೂ ಆಗಿಲ್ಲ, ತೊಂದರೆ ಇಂಜಿನ್ನಿನಲ್ಲಿದೆ ಎಂದು ಮಕ್ಕಳೇ ತೀರ್ಮಾನಿಸಿದರು. ಹೊದಿಕೆ ಬಿಚ್ಚಿ ಕೈಯಿಂದ ಕೈಗೆ ದಾಟಿಸಿದೆ.

ಕೊನೆಯ ಬೆಂಚಿನ ಹುಡುಗನ ಕೈಯಲ್ಲಿ ಅದು ನಿಂತುಬಿಟ್ಟಿತು. ಆ ಹುಡುಗನ ಬಗ್ಗೆ ಹೇಳಬೇಕು. ಹಿಂದಿನ ವಾರ ನಾನು ನಡೆಸಿದ ನೈದಾನಿಕ ಪರೀಕ್ಷೆಯಲ್ಲಿ ಅವನಿಗೆ 20ಕ್ಕೆ 4 ಅಂಕ. ಪರಿಹಾರ ಬೋಧನೆಯ ಪಟ್ಟಿಯಲ್ಲಿ ‘ಮೂಲ ಪರಿಕಲ್ಪನೆಗಳ ಕೊರತೆ, ಕಲಿಕೆಯಲ್ಲಿ ನಿಧಾನ’ ಎಂದು ಬರೆದಿದ್ದೆ. ಅವನ ಮನೆಮಾತು ಮರಾಠಿ. ಕನ್ನಡ ಮಾತಾಡುತ್ತಾನೆ, ಓದುವುದು ನಿಧಾನ. ಶಾಲೆ ಬಿಟ್ಟ ಮೇಲೆ ಸೋದರಮಾವನ ಬೈಕ್ ಗ್ಯಾರೇಜಿನಲ್ಲಿ ಕೆಲಸಕ್ಕೆ ನಿಲ್ಲುತ್ತಾನೆ ಎಂಬುದು ನನಗೆ ಆವರೆಗೆ ಗೊತ್ತಿರಲಿಲ್ಲ.

ಅವನು ಇಂಜಿನ್ನನ್ನು ಕಿಟಕಿಯ ಬೆಳಕಿಗೆ ಹಿಡಿದ. ಬಹಳ ಹೊತ್ತಿನ ಮೇಲೆ, ನನಗಲ್ಲ, ಇಂಜಿನ್ನಿಗೇ ಹೇಳುವ ಹಾಗೆ ಹೇಳಿದ: “ಎರಡೂ ಕಾರ್ಬನ್‌ಗೆ ಒಂದ ಸ್ಪ್ರಿಂಗ್ ಐತಲ್ರಿ ಟೀಚರ್. ಕರೆಂಟ್ ಮೋಟಾರ್‌ದಾಗ ಹೋಗವಲ್ದು, ಸ್ಪ್ರಿಂಗ್‌ದಾಗಿಂದ ಹಂಗ ದಾಟಿ ಹೊಂಟೈತಿ.”

ಆಗ ನನಗೆ ಸ್ಲೀವು ನೆನಪಾಯಿತು. ಹಿಂದಿನ ರಾತ್ರಿ ಏನಾಗಿರಬೇಕೆಂದು ಎಲ್ಲರ ಮುಂದೆ ಹೇಳಿದೆ. ಏನು ಮಾಡುವುದೆಂದು ಕೇಳುವ ಮೊದಲೇ ಅವನು ನನ್ನ ತೆಳ್ಳಗಿನ ವಾಯರಿನ ತುದಿಯನ್ನು ಉಗುರಿನಿಂದ ಸುಲಿದು, ತಾಮ್ರದ ಎಳೆ ಎಳೆದುಹಾಕಿ, ಉಳಿದ ಪ್ಲಾಸ್ಟಿಕ್ ಕೊಳವೆಯನ್ನು ಸ್ಪ್ರಿಂಗಿನ ಕಾಲಿಗೆ ತೊಡಿಸುತ್ತಿದ್ದ. ಅಷ್ಟರಲ್ಲಿ ಗಂಟೆ ಬಾರಿಸಿತು. ಸಾರಾಂಶ ಹೇಳಲಿಲ್ಲ, ಮೌಲ್ಯಮಾಪನ ಆಗಲಿಲ್ಲ, ಮನೆಗೆಲಸ ಕೊಡಲಿಲ್ಲ. ಸಮಾಜ ವಿಜ್ಞಾನದ ಶಿಕ್ಷಕರು ಬಾಗಿಲಲ್ಲಿ ನಿಂತಿದ್ದರು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಜಗುಲಿಯ ಮೇಲೆ ಮತ್ತೆ ಹಳಿ ಹಾಸಿದೆವು. ವಾಯರು ಮುಟ್ಟಿಸಿದಾಗ ಬಲ್ಬು ಒಮ್ಮೆ ಮಿನುಗಿ ಮಬ್ಬಾಯಿತು. ಇಂಜಿನ್ ಗುರ್ರೆಂದು ಹೊರಟಿತು, ಆದರೆ ಹಿಂದಕ್ಕೆ! ಒಂದು ಮೀಟರ್ ಕೂಡ ಇಲ್ಲದ ಹಳಿ. ಕೊನೆಯಲ್ಲಿ ಒಬ್ಬ ಹುಡುಗ ಅಂಗೈ ಒಡ್ಡಿ ಹಿಡಿದುಕೊಂಡ. “ಉಲ್ಟಾ ಹೊಂಟೈತ್ರಿ!” “ವಾಯರ್ ಅದಲಿ ಬದಲಿ ಮಾಡ್ರಿ!” ಮಾಡಿದೆವು, ಮುಂದಕ್ಕೆ ಹೋಯಿತು. ಪ್ರವಾಹದ ದಿಕ್ಕು ಬದಲಾದರೆ ಬಲದ ದಿಕ್ಕೂ ಬದಲಾಗುತ್ತದೆ ಎಂದು ನಾನು ಹೇಳಬೇಕಾಗಲಿಲ್ಲ. ಮಕ್ಕಳು ಆಗಲೇ ಎಡಗೈಯ ಬೆರಳು ಮಡಚುತ್ತಿದ್ದರು. ಯಾರೋ ಬೆರಳಿಂದ ಇಂಜಿನ್ ತಡೆದರು, ಬಲ್ಬು ಬೆಳಗಿತು. ಬಿಟ್ಟರು, ಮಬ್ಬಾಯಿತು. ಊಟದ ಗಂಟೆ ಮುಗಿಯುವವರೆಗೂ ಅದೇ ಆಟ.

ವೀಕ್ಷಣಾ ಪುಸ್ತಕದಲ್ಲಿ ಅಂದು ಹೀಗಿತ್ತು: ‘ಸಮಯ ನಿರ್ವಹಣೆ ದುರ್ಬಲ. ಪಾಠ ಅಪೂರ್ಣ. ಇಂಥ ಪಾಠ ಇನ್ನೊಂದು ಮಾಡಿ.’ ಸಮಯ ನಿರ್ವಹಣೆಯ ಅಂಕ ನಿಜಕ್ಕೂ ಕಡಿಮೆಯಿತ್ತು. ಅದಕ್ಕೆ ನನ್ನ ತಕರಾರಿಲ್ಲ.

ನನ್ನನ್ನು ಕಾಡಿದ್ದು ಬೇರೆ. ಬೆಳಗಾವಿಯ ಬಸ್ಸಿನಲ್ಲಿ ಮಡಿಲ ಮೇಲೆ ಬ್ಯಾಟರಿ ಇಟ್ಟುಕೊಂಡು ಆ ಪಟ್ಟಿ ತೆಗೆದು ನೋಡಿದೆ. ನೈದಾನಿಕ ಪರೀಕ್ಷೆ ಎಂದರೆ ದೋಷ ಎಲ್ಲಿದೆ ಎಂದು ಹುಡುಕುವ ಪರೀಕ್ಷೆ. ಮಕ್ಕಳು ಇಂಜಿನ್ ಎತ್ತಿ ನೋಡಿ, ದೋಷ ಹಳಿಯಲ್ಲೋ ಇಂಜಿನ್ನಿನಲ್ಲೋ ಎಂದು ಮೊದಲು ಬೇರ್ಪಡಿಸಿದ್ದರು. ನಾನು ಆ ಹುಡುಗನ ವಿಷಯದಲ್ಲಿ ಅಷ್ಟೂ ಮಾಡಿರಲಿಲ್ಲ. ಪರೀಕ್ಷೆಯ ಇಪ್ಪತ್ತೂ ಪ್ರಶ್ನೆಗಳು ಬರವಣಿಗೆಯವು, ಗ್ರಂಥದ ಕನ್ನಡದವು. ‘ದಿಕ್ಪರಿವರ್ತಕದ ಕಾರ್ಯವನ್ನು ನಿರೂಪಿಸಿ’ ಎಂದು ಕೇಳಿದ್ದೆ. ಅವನಿಗೆ ತೊಡಕು ‘ನಿರೂಪಿಸಿ’ಯಲ್ಲಿತ್ತೋ ದಿಕ್ಪರಿವರ್ತಕದಲ್ಲಿತ್ತೋ? ಹಳಿಯ ದೋಷವನ್ನು ಇಂಜಿನ್ನಿನ ಮೇಲೆ ಬರೆದುಬಿಟ್ಟಿದ್ದೆ. ಆ ಪಟ್ಟಿ ನಾನು ಹೋದ ಮೇಲೂ ಶಾಲೆಯ ಕಡತದಲ್ಲಿ ಉಳಿಯುತ್ತಿತ್ತು.

ಮರುವಾರ ಅವನಿಗೂ ಪಟ್ಟಿಯಲ್ಲಿದ್ದ ಇನ್ನೂ ಐವರಿಗೂ ಅದೇ ಪ್ರಶ್ನೆಗಳನ್ನು ಇಂಜಿನ್, ಬಲ್ಬು, ವಾಯರು ಮುಂದಿಟ್ಟು ಬಾಯಿಮಾತಿನಲ್ಲಿ ಕೇಳಿದೆ. ಕನ್ನಡ, ಮರಾಠಿ ಯಾವುದರಲ್ಲಾದರೂ ಹೇಳಿ, ಬೇಕಾದರೆ ತೋರಿಸಿ ಎಂದೆ. ಅವನು 20ರಲ್ಲಿ 15ಕ್ಕೆ ಸರಿಯಾಗಿ ಉತ್ತರಿಸಿದ. ಐವರಲ್ಲಿ ಇಬ್ಬರ ಅಂಕ ಏರಿತು. ಉಳಿದ ಮೂವರಿಗೆ ವಿಷಯವೇ ತಿಳಿದಿರಲಿಲ್ಲ, ಅವರಿಗೆ ಮತ್ತೆ ಪಾಠ ಬೇಕಿತ್ತು. ಈ ವ್ಯತ್ಯಾಸವೇ ನನ್ನ ಮೊದಲ ಪಟ್ಟಿಯಲ್ಲಿ ಕಾಣೆಯಾಗಿದ್ದದ್ದು. ಪಟ್ಟಿಯನ್ನು ಹರಿದು ಹೊಸದಾಗಿ ಬರೆದೆ. ಅವನ ಹೆಸರಿನ ಮುಂದೆ ‘ಓದುವಿಕೆಗೆ ನೆರವು ಬೇಕು. ವಿಜ್ಞಾನದ ತಿಳಿವಳಿಕೆ ಚೆನ್ನಾಗಿದೆ’ ಎಂದು ಬರೆದೆ.

ಇದರಿಂದ ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ನಾನು ಶಾಲೆ ಬಿಡುವ ಮುನ್ನ ನಡೆದ ಲಿಖಿತ ಕಿರುಪರೀಕ್ಷೆಯಲ್ಲಿ ಅವನಿಗೆ ಬಂದದ್ದು 20ಕ್ಕೆ 8. ಬೋರ್ಡ್ ಪರೀಕ್ಷೆಯಲ್ಲಿ ಅವನ ಮುಂದೆ ಯಾರೂ ಇಂಜಿನ್ ಇಡುವುದಿಲ್ಲ. ಅಲ್ಲಿ ‘ನಿರೂಪಿಸಿ’ ಎಂದೇ ಕೇಳುತ್ತಾರೆ. ಅದಕ್ಕೇ ಉಳಿದ ದಿನಗಳಲ್ಲಿ ಬಿಡುವಿನ ವೇಳೆ ಅವನು ಹೇಳಿದ್ದನ್ನು ಅವನಿಂದಲೇ ಒಂದೊಂದು ಸಾಲು ಬರೆಸುತ್ತಿದ್ದೆ. ಮೊದಲು ಹೇಳುವುದು, ಆಮೇಲೆ ಬರೆಯುವುದು, ಕೊನೆಗೆ ಪಠ್ಯದಲ್ಲಿ ಅದೇ ಮಾತು ಎಲ್ಲಿದೆ ಎಂದು ಹುಡುಕುವುದು. ನಿಧಾನವಾಗಿ ಸಾಗಿತು, ಆದರೆ ಸಾಗಿತು.

ಮುಂದಿನ ತಂಡದ ಪ್ರಶಿಕ್ಷಣಾರ್ಥಿ ಮಿತ್ರರಿಗೆ ನನ್ನ ಅನುಭವದಿಂದ ಹೇಳಬಹುದಾದದ್ದು ಇಷ್ಟೆ. ಬೋಧನೋಪಕರಣ ಕೆಟ್ಟರೆ ಹೆದರಬೇಡಿ, ಮುಚ್ಚಿಡಲೂ ಬೇಡಿ. ಕೆಡದೆ ಓಡಿದ್ದರೆ ನನ್ನ ಮಕ್ಕಳು ಚಪ್ಪಾಳೆ ತಟ್ಟಿ ಕೂರುತ್ತಿದ್ದರು, ಆ ಹುಡುಗ ಕೊನೆಯ ಬೆಂಚಿನಲ್ಲೇ ಉಳಿಯುತ್ತಿದ್ದ. ಬ್ಯಾಟರಿಗೆ ನೇರವಾಗಿ ಏನನ್ನೂ ಜೋಡಿಸಬೇಡಿ, ನಡುವೆ ಬಲ್ಬು ಇರಲಿ. ಮಗುವಿನ ಹೆಸರಿನ ಮುಂದೆ ಏನಾದರೂ ಬರೆಯುವ ಮುನ್ನ ಇನ್ನೊಂದು ರೀತಿಯಲ್ಲಿ ಕೇಳಿ ನೋಡಿ.

ಕೊನೆಯ ದಿನ ಇಂಜಿನ್ನನ್ನು ಶಾಲೆಯ ಪ್ರಯೋಗಾಲಯಕ್ಕೆ ಕೊಟ್ಟು ಬಂದೆ. ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಒಳಗೆ ಚೀಟಿ ಅಂಟಿಸಿದ್ದೆ: ‘ಆರ್ಮೇಚರ್ ಹೊರತೆಗೆಯಬೇಡಿ. ಬಲ್ಬು ಇಲ್ಲದೆ ಜೋಡಿಸಬೇಡಿ.’ ಕಪಾಟಿನಲ್ಲಿಡುವ ಮೊದಲು ತೆರೆದು ನೋಡಿದಾಗ ಕೆಳಗೆ ಬೇರೆ ಕೈಬರಹದಲ್ಲಿ ಅದೇ ಎರಡು ಸಾಲು ಮರಾಠಿಯಲ್ಲಿತ್ತು. ಅದರ ಕೆಳಗೆ, ಅದೇ ಕೈಬರಹದಲ್ಲಿ, ಒಂದು ಸಾಲು ಕನ್ನಡ: ‘ಸ್ಲೀವ್ ಇದೆಯೇ ನೋಡಿರಿ.’ ಒತ್ತಕ್ಷರವೂ ತಪ್ಪಿರಲಿಲ್ಲ.